ಮನೆಮಂದಿಯೆಲ್ಲ ಕಾಯುವ ಗುಟ್ಟು

ಸಾಂಪ್ರದಾಯಿಕ ಚೀನೀ ಕುಟುಂಬಗಳಲ್ಲಿ ಮಗನೋ ಮಗಳೋ ತನ್ನದೇ ಲಿಂಗದವರೊಂದಿಗೆ ಬಾಳು ಹಂಚಿಕೊಂಡಿರುವ ಸಂಗತಿ ವರ್ಷಗಟ್ಟಲೆ ಗುಟ್ಟಾಗಿಯೇ ಉಳಿಯುವುದಕ್ಕೆ ಧಾರ್ಮಿಕ ನಿಷೇಧ ಕಾರಣವೆನ್ನುವುದಕ್ಕಿಂತ, ಮದುವೆ ಮತ್ತು ಸಂತಾನದ ಮೇಲೆ ಆ ಸಮಾಜ ಹೊರಿಸಿರುವ ಭಾರವೇ ಕಾರಣವೆನ್ನುವುದು ಹೆಚ್ಚು ಸರಿ. ಪಾಪ, ನರಕ, ದೈವಕೋಪದಂಥ ಮಾತುಗಳು ಅಲ್ಲಿನ ಮನೆಗಳಲ್ಲಿ ಕೇಳಿಬರುವುದು ಅಪರೂಪ. ಮೂವತ್ತರ ಹತ್ತಿರ ಬಂದ ಮಕ್ಕಳಿಗೆ ಎದುರಾಗುವುದು ಮದುವೆ ಯಾವಾಗ ಎಂಬ ಒಂದೇ ಪ್ರಶ್ನೆ. ಹಾಗಾಗಿ ಸಲಿಂಗ ಸಂಗಾತಿಯಿರುವವರು ಮುಚ್ಚಿಡಬೇಕಾಗಿ ಬರುವುದು ತಮ್ಮ ಪ್ರೀತಿಯನ್ನಷ್ಟೇ ಅಲ್ಲ, ಹೆತ್ತವರು ಎಣಿಸಿದ ಮದುವೆ ಎಂದೂ ನಡೆಯಲಾರದು ಎಂಬುದನ್ನು ಕೂಡ. ಇನ್ನೊಂದು ಮಾತನ್ನೂ ಆರಂಭದಲ್ಲಿಯೇ ಹೇಳಬೇಕು: ಈ ಗುಟ್ಟನ್ನು ಮಗನೋ ಮಗಳೋ ಒಬ್ಬರೇ ಕಾಯುತ್ತಿರುವುದು ಕಡಿಮೆ. ತಾಯಿಗೆ ಸುಳಿವು ಸಿಕ್ಕಿರುತ್ತದೆ, ತಂದೆ ಕಂಡೂ ಕಾಣದಂತಿರುತ್ತಾನೆ, ಅಕ್ಕ ಮಾತು ಮರೆಸುತ್ತಾಳೆ; ಇಡೀ ಮನೆ ಸೇರಿ ಕಾಯುವ ಈ ಮೌನದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ವಿಚಾರ ಮಾಡಬೇಕಾದ ವಿಷಯ.

ಕನ್ಫ್ಯೂಷಿಯಸ್ ಪರಂಪರೆಯಲ್ಲಿ ಹೆತ್ತವರ ಬಗ್ಗೆ ಮಕ್ಕಳಿಗಿರುವ ಧರ್ಮವನ್ನು 'ಶಿಯಾವ್' ಎನ್ನುತ್ತಾರೆ. ಬದುಕಿರುವಾಗ ಸೇವೆ ಮಾಡುವುದು, ಸತ್ತ ಮೇಲೆ ವಿಧಿವತ್ತಾಗಿ ಕಳಿಸಿಕೊಡುವುದು, ಆಮೇಲೆ ಪೂಜೆ ನಿಲ್ಲದಂತೆ ನೋಡಿಕೊಳ್ಳುವುದು ಇವೆಲ್ಲ ಅದರೊಳಗೆ ಬರುತ್ತವೆ. ಕ್ರಿ.ಪೂ. 4ನೇ ಶತಮಾನದ ಚಿಂತಕ ಮೆನ್ಸಿಯಸ್ ಈ ಧರ್ಮಕ್ಕೆ ತಪ್ಪುವ ಬಗೆಗಳಲ್ಲಿ ಸಂತಾನವಿಲ್ಲದಿರುವುದೇ ಎಲ್ಲಕ್ಕಿಂತ ದೊಡ್ಡದೆಂದು ಬಗೆದನು. ಆ ಅಭಿಪ್ರಾಯ ಎರಡು ಸಾವಿರ ವರ್ಷಗಳ ನಂತರವೂ ಅಜ್ಜಅಜ್ಜಿಯರ ಬಾಯಲ್ಲಿ ಉಳಿದಿದೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ನಾಡಿನವರಿಗೆ ಇದರ ತೂಕ ಅರ್ಥವಾಗದೆ ಇರದು: ಏಪ್ರಿಲ್ ಮೊದಲ ವಾರದಲ್ಲಿ ಬರುವ ಚಿಂಗ್‌ಮಿಂಗ್ ಹಬ್ಬದಂದು ಸಮಾಧಿಗಳನ್ನು ಗುಡಿಸಿ ಪೂಜಿಸಲು ಮುಂದಿನ ತಲೆಮಾರು ಇರಬೇಕು, ಮನೆದೇವರ ಜಾಗದಲ್ಲಿರುವ ಪೂರ್ವಿಕರ ನಾಮಫಲಕಗಳಿಗೆ ಧೂಪ ಹಚ್ಚುವ ಕೈ ಇರಬೇಕು, 'ಜಿಯಾಪು' ಎಂದು ಕರೆಯುವ ವಂಶಾವಳಿ ಗ್ರಂಥದಲ್ಲಿ ತಂದೆಯ ಹೆಸರಿನ ಕೆಳಗೆ ಮಗನ ಹೆಸರು, ಅದರ ಕೆಳಗೆ ಮೊಮ್ಮಗನ ಹೆಸರು ಸೇರುತ್ತ ಹೋಗಬೇಕು. ಈ ಏರ್ಪಾಡಿನಲ್ಲಿ ಮದುವೆ ಇಬ್ಬರ ನಡುವಿನ ಒಡಂಬಡಿಕೆಯಾಗಿರದೆ, ಸತ್ತವರಿಗೂ ಇನ್ನೂ ಹುಟ್ಟದವರಿಗೂ ನಡುವೆ ಬದುಕಿರುವವರು ಸಲ್ಲಿಸಬೇಕಾದ ಋಣವಾಗಿರುತ್ತದೆ.

ಈ ಋಣ ಸಂದಾಯವಾದ ಮೇಲೆ ಉಳಿದದ್ದರ ಬಗ್ಗೆ ಹಳೆಯ ಚೀನಾ ಅಷ್ಟಾಗಿ ತಲೆಕೆಡಿಸಿಕೊಂಡಿರಲಿಲ್ಲ. ಕ್ರಿ.ಪೂ. 1ನೇ ಶತಮಾನದ ಕೊನೆಗೆ ಆಳಿದ ಹಾನ್ ವಂಶದ ಚಕ್ರವರ್ತಿ ಆಯ್, ತನ್ನ ತೋಳಿನ ಮೇಲೆ ನಿದ್ದೆಹೋಗಿದ್ದ ಪ್ರಿಯ ದೋಂಗ್ ಶಿಯೆನ್‌ನನ್ನು ಎಬ್ಬಿಸಬಾರದೆಂದು ನಿಲುವಂಗಿಯ ತೋಳನ್ನೇ ಕತ್ತರಿಸಿ ಎದ್ದುಹೋದನೆಂಬ ಕಥೆ ಅಲ್ಲಿ ಪ್ರಸಿದ್ಧವಾಗಿದ್ದು, 'ಕತ್ತರಿಸಿದ ತೋಳು' ಎಂಬ ಮಾತು ಗಂಡಸರ ನಡುವಿನ ಪ್ರೇಮಕ್ಕೆ ಹೆಸರಾಗಿ ನಿಂತಿದೆ. ಇದನ್ನು ಪ್ರಾಚೀನ ಔದಾರ್ಯಕ್ಕೆ ಉದಾಹರಣೆಯಾಗಿ ಎತ್ತಿಹೇಳುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೆಂದರೆ, ದೋಂಗ್ ಶಿಯೆನ್‌ಗೆ ಹೆಂಡತಿಯಿದ್ದಳು, ಆಕೆಯೂ ಅರಮನೆಯಲ್ಲಿಯೇ ವಾಸವಾಗಿದ್ದಳು. ಚಕ್ರವರ್ತಿಯೂ ವಿವಾಹಿತನೇ. ಅಂದರೆ ಆ ಸಹನೆಗೆ ಒಂದು ಕರಾರಿತ್ತು, ಮತ್ತು ಅದನ್ನು ಪೂರೈಸುವ ಹೊಣೆ ಹೆಂಡತಿಯೆನಿಸಿಕೊಂಡ ಹೆಂಗಸಿನ ಮೇಲೆಯೂ ಬಿದ್ದಿತ್ತು.

ಹೆಂಗಸರಿಗೆ ಅಷ್ಟು ಸಡಿಲವೂ ಸಿಕ್ಕಲಿಲ್ಲ. ಆದರೂ ದಕ್ಷಿಣದ ಗುವಾಂಗ್‌ದೊಂಗ್ ಪ್ರಾಂತ್ಯದಲ್ಲಿ, ಮುತ್ತಿನ ನದಿಯ ಮುಖಜ ಭೂಮಿಯಲ್ಲಿರುವ ಶುಂದ ಮತ್ತು ಅದರ ಸುತ್ತಲ ಸೀಮೆಯಲ್ಲಿ, 19ನೇ ಶತಮಾನದಿಂದ 20ನೆಯದರ ಮೊದಲ ಭಾಗದವರೆಗೆ ಒಂದು ವಿಶಿಷ್ಟ ಪದ್ಧತಿ ಬೆಳೆದುಬಂತು. 1870ರ ದಶಕದಿಂದ ಅಲ್ಲಿ ಉಗಿಯಂತ್ರದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗಳು ತಲೆಯೆತ್ತಿ, ಹೆಣ್ಣುಮಕ್ಕಳ ಕೈಗೆ ಕೂಲಿಯ ದುಡ್ಡು ಬರತೊಡಗಿದಾಗ, ಅವರಲ್ಲಿ ಅನೇಕರು ಮದುವೆಯಾಗುವುದಿಲ್ಲವೆಂದು ಶಪಥ ಮಾಡಿದರು. ಆ ಸೀಮೆಯಲ್ಲಿ ಕನ್ಯೆಯರು ಜಡೆ ಇಳಿಬಿಡುತ್ತಿದ್ದರು; ಮದುವೆಯ ದಿನ ಹಿರಿಯ ಮುತ್ತೈದೆಯೊಬ್ಬಳು ಮದುಮಗಳ ಕೂದಲನ್ನು ಬಾಚಿ ಮೇಲಕ್ಕೆತ್ತಿ ತುರುಬು ಕಟ್ಟುತ್ತಿದ್ದಳು. ಶಪಥ ತೊಟ್ಟವರು ಈ ಶಾಸ್ತ್ರವನ್ನು ವರನಿಲ್ಲದೆಯೇ, ದೇವರ ಮುಂದೆ, ತಮ್ಮಂಥದೇ ಹಿರಿಯಳೊಬ್ಬಳ ಸಮ್ಮುಖದಲ್ಲಿ ಮಾಡಿಸಿಕೊಂಡು ಬಂಧುಗಳಿಗೆ ಊಟ ಹಾಕುತ್ತಿದ್ದರು. ಅಲ್ಲಿಂದ ಮುಂದೆ ಅವರು ತಾವೇ ಕೂದಲು ಬಾಚಿಕೊಂಡವರು, ಮಾಂಡರಿನ್ ಉಚ್ಚಾರದಲ್ಲಿ 'ಜಶೂನ್ಯು'. ಇವರೆಲ್ಲರೂ ಹೆಣ್ಣನ್ನು ಪ್ರೀತಿಸಿದವರೆಂದು ಹೇಳಲಾಗದು. ಅತ್ತೆಮನೆಯ ಕಷ್ಟಕ್ಕೆ ಹೆದರಿದವರು, ತವರಿನ ತಮ್ಮತಂಗಿಯರನ್ನು ಸಾಕಬೇಕಾಗಿದ್ದವರು ಅವರಲ್ಲಿ ಧಾರಾಳವಾಗಿದ್ದರು. ಆದರೆ ಜೋಡಿಯಾಗಿ ಬಾಳಿದವರೂ ಇದ್ದರೆಂಬುದನ್ನು ಮಾನವಶಾಸ್ತ್ರಜ್ಞರು ದಾಖಲಿಸಿದ್ದಾರೆ.

ಈ ಪದ್ಧತಿಯಲ್ಲಿ ಗಮನಿಸಬೇಕಾದದ್ದು ಅದರ ಬಹಿರಂಗತೆ. ಮದುವೆಯಾಗದಿರುವ ತೀರ್ಮಾನವನ್ನು ಅವರು ಬಚ್ಚಿಡಲಿಲ್ಲ. ಮದುವೆಯ ಶಾಸ್ತ್ರವನ್ನೇ ಎರವಲು ಪಡೆದು ಊರಿನ ಎದುರು ಘೋಷಿಸಿದರು. ಇಷ್ಟಾದರೂ ಸಾವಿನ ವಿಷಯದಲ್ಲಿ ಕಟ್ಟಳೆ ಅವರನ್ನು ಬಿಡಲಿಲ್ಲ. ಮದುವೆಯಾಗದ ಮಗಳು ತವರುಮನೆಯಲ್ಲಿ ಸಾಯಕೂಡದು, ಆಕೆಯ ನಾಮಫಲಕಕ್ಕೆ ತಂದೆಯ ಪೂರ್ವಿಕರ ಸಾಲಿನಲ್ಲಿ ಜಾಗವಿಲ್ಲ. ಆ ಕಾರಣಕ್ಕಾಗಿಯೇ ಕೆಲವರು ಸತ್ತ ಗಂಡಸಿಗೆ ಹೆಸರಿಗಷ್ಟೆ ಹೆಂಡತಿಯಾಗಿ ಅವನ ಮನೆಯ ಫಲಕದ ಸಾಲಿಗೆ ಸೇರಿದರು, ಇನ್ನು ಕೆಲವರು ಕೂಡಿ ಹಣ ಹಾಕಿ ತಮ್ಮದೇ ಮನೆಗಳನ್ನು ಕಟ್ಟಿಕೊಂಡರು. 1930ರ ದಶಕದಲ್ಲಿ ರೇಷ್ಮೆ ಮಾರುಕಟ್ಟೆ ಕುಸಿದಾಗ ಮನೆಗೆಲಸಕ್ಕೆಂದು ಸಿಂಗಪುರ, ಮಲಯಾಗಳಿಗೆ ಹೋದವರು ಕಳಿಸಿದ ಹಣದಿಂದ 1950ರ ಸುಮಾರಿಗೆ ಶುಂದದ ಜುನ್‌ಆನ್‌ನಲ್ಲಿ ಎದ್ದ 'ಬಿಂಗ್‌ಯು ತಾಂಗ್' ಎಂಬ ಕಟ್ಟಡ ಇಂದಿಗೂ ಇದೆ. ಅದರೊಳಗೆ ಅವರ ನಾಮಫಲಕಗಳಿವೆ.

ಇಪ್ಪತ್ತನೆಯ ಶತಮಾನ ಹಳೆಯ ಒತ್ತಡಕ್ಕೆ ಹೊಸ ಹೆಸರುಗಳನ್ನು ಸೇರಿಸಿತು. ಚೀನಾದ 1979ರ ದಂಡಸಂಹಿತೆಯಲ್ಲಿದ್ದ 'ಪುಂಡಾಟಿಕೆ'ಯ ಅಪರಾಧದಡಿ ಸಲಿಂಗಿ ಗಂಡಸರನ್ನು ಹಿಡಿದು ಶಿಕ್ಷಿಸಬಹುದಾಗಿತ್ತು. 1997ರ ಪರಿಷ್ಕರಣೆಯಲ್ಲಿ ಆ ಕಲಮು ಹೋಯಿತು. ಮನೋರೋಗಗಳ ರಾಷ್ಟ್ರೀಯ ಪಟ್ಟಿಯಿಂದ ಸಲಿಂಗ ಪ್ರೇಮವನ್ನು 2001ರಲ್ಲಿ ಕೈಬಿಡಲಾಯಿತಾದರೂ, ಅದರಿಂದ ಮಾನಸಿಕ ತೊಳಲಾಟಕ್ಕೆ ಒಳಗಾದವರಿಗೆಂದು ಉಳಿಸಿಕೊಂಡ ಒಂದು ವರ್ಗ 'ವಾಸಿ ಮಾಡುತ್ತೇವೆ' ಎನ್ನುವ ಚಿಕಿತ್ಸಾಲಯಗಳಿಗೆ ದಾರಿ ಬಿಟ್ಟಿತು. ವಿದ್ಯುತ್ ಆಘಾತ ಕೊಟ್ಟ ಅಂಥದೊಂದು ಚಿಕಿತ್ಸಾಲಯದ ವಿರುದ್ಧ ಯುವಕನೊಬ್ಬ ಹೂಡಿದ ದಾವೆಯಲ್ಲಿ ಬೀಜಿಂಗ್‌ನ ನ್ಯಾಯಾಲಯ 2014ರ ಡಿಸೆಂಬರ್‌ನಲ್ಲಿ ಅವನ ಪರವಾಗಿ ತೀರ್ಪು ಕೊಟ್ಟು, ಸಲಿಂಗ ಪ್ರೇಮ ರೋಗವಲ್ಲವೆಂದು ಸ್ಪಷ್ಟಪಡಿಸಿತು. ಅವನು ಅಲ್ಲಿಗೆ ಹೋದದ್ದು ಮನೆಯವರ ಒತ್ತಡಕ್ಕೆ ಮಣಿದು ಎಂಬುದು ಆಗ ವರದಿಯಾಗಿತ್ತು.

ಕಾನೂನು ಸಡಿಲವಾದ ಹೊತ್ತಿಗೇ ಮನೆಯ ಹಿಡಿತ ಬಿಗಿಯಾಗಲು ಕಾರಣವಾದದ್ದು ಒಂದೇ ಮಗುವಿನ ನೀತಿ. 1980ರ ಹೊತ್ತಿಗೆ ದೇಶವ್ಯಾಪಿಯಾಗಿ ಜಾರಿಗೆ ಬಂದು 2015ರವರೆಗೆ ನಡೆದ ಈ ನೀತಿಯಿಂದಾಗಿ, ಮೊದಲಾದರೆ ಅಣ್ಣತಮ್ಮಂದಿರ ನಡುವೆ ಹಂಚಿಹೋಗುತ್ತಿದ್ದ ವಂಶದ ಹೊಣೆ ಒಬ್ಬನೇ ಮಗನ, ಒಬ್ಬಳೇ ಮಗಳ ಹೆಗಲೇರಿತು. ಇದರ ಜೊತೆಗೆ, ಹಳ್ಳಿಗಾಡಿನಲ್ಲಿ ನೆಚ್ಚಿಕೊಳ್ಳುವಷ್ಟು ಪಿಂಚಣಿಯಿಲ್ಲದ ಕಾರಣ ಮುಪ್ಪಿಗೆ ಮಕ್ಕಳೇ ಆಸರೆ ಎಂಬ ನಂಬಿಕೆ ಬರಿಯ ಭಾವನೆಯಾಗಿರದೆ ಲೆಕ್ಕಾಚಾರವೂ ಆಗಿದೆ. ವಯಸ್ಸಾದ ಹೆತ್ತವರನ್ನು ಆಗಾಗ ಹೋಗಿ ನೋಡಿಕೊಂಡು ಬರಬೇಕೆಂದು 2013ರ ಜುಲೈಯಿಂದ ಕಾನೂನೇ ಹೇಳುತ್ತದೆ. ಶಾಂಘೈನ ಪೀಪಲ್ಸ್ ಪಾರ್ಕ್‌ನಲ್ಲಿ ವಾರದ ಕೊನೆಗೆ ಸೇರುವ ತಾಯಿತಂದೆಯರು ತೆರೆದಿಟ್ಟ ಕೊಡೆಗಳ ಮೇಲೆ ಮಕ್ಕಳ ವಯಸ್ಸು, ಎತ್ತರ, ಓದು, ಸಂಬಳ, ಸ್ವಂತ ಮನೆಯ ವಿವರಗಳನ್ನು ಅಂಟಿಸಿ ಕುಳಿತು ಸಂಬಂಧ ಹುಡುಕುತ್ತಾರೆ. ಅಲ್ಲಿ ತಮ್ಮ ಹೆಸರಿನ ಚೀಟಿಯಿದೆಯೆಂಬುದೇ ಗೊತ್ತಿಲ್ಲದ ಮಕ್ಕಳೂ ಇದ್ದಾರೆ.

ಹೀಗಿರುವಾಗ ಮುಚ್ಚಿಡುವ ಕೆಲಸ ದಿನನಿತ್ಯದ ಸಣ್ಣಸಣ್ಣ ಏರ್ಪಾಡುಗಳಿಂದ ನಡೆಯುತ್ತದೆ. ಸಂಗಾತಿ ಮನೆಯವರ ಪಾಲಿಗೆ ರೂಮ್‌ಮೇಟ್ ಆಗಿರುತ್ತಾನೆ, ಆಪ್ತ ಗೆಳತಿಯಾಗಿರುತ್ತಾಳೆ, ಊರಿನಿಂದ ಹಿರಿಯರು ಬರುವ ಸುದ್ದಿ ಬಂದರೆ ಎರಡನೆಯ ಕೋಣೆಯ ಮಂಚಕ್ಕೆ ಹಾಸಿಗೆ ಬೀಳುತ್ತದೆ, ಜೋಡಿಯಾಗಿ ತೆಗೆಸಿಕೊಂಡ ಫೋಟೊಗಳು ಕಪಾಟು ಸೇರುತ್ತವೆ. ವೀಚ್ಯಾಟ್‌ನಲ್ಲಿ ಬಂಧುಗಳನ್ನೆಲ್ಲ ಒಂದು ಗುಂಪಿಗೆ ಸೇರಿಸಿ, ಹಾಕಿದ ಚಿತ್ರಗಳು ಆ ಗುಂಪಿಗೆ ಕಾಣದಂತೆ ಮಾಡಲಾಗುತ್ತದೆ. ಅತ್ಯಂತ ಕಠಿಣವಾದದ್ದು ಚಾಂದ್ರಮಾನ ಹೊಸ ವರ್ಷದ ಹಬ್ಬ. ದೇಶದ ಉದ್ದಗಲಕ್ಕೂ ಜನ ಊರಿಗೆ ಮರಳಿ, ಹಿಂದಿನ ರಾತ್ರಿಯ ಊಟಕ್ಕೆ ದುಂಡು ಮೇಜಿನ ಸುತ್ತ ಇಡೀ ಸಂಸಾರ ಕೂರುವ ಆ ಹೊತ್ತಿನಲ್ಲಿ, ವರ್ಷವಿಡೀ ಒಂದೇ ಸೂರಿನಡಿ ಬಾಳಿದ ಇಬ್ಬರು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಮೇಜಿನ ಮುಂದೆ ಕುಳಿತು, ಸೋದರತ್ತೆ ಚಿಕ್ಕಮ್ಮಂದಿರ ಪ್ರಶ್ನೆಗಳಿಗೆ ಉತ್ತರ ಹೊಂದಿಸುತ್ತಿರುತ್ತಾರೆ.

ಉತ್ತರಗಳು ಮುಗಿದಾಗ ಕೆಲವರು ಹಿಡಿಯುವ ದಾರಿಯೇ 'ಶಿಂಗ್‌ಹುನ್', ಅಂದರೆ ತೋರಿಕೆಯ ಮದುವೆ. ಸಲಿಂಗಿ ಗಂಡಸೊಬ್ಬ ಸಲಿಂಗಿ ಹೆಂಗಸೊಬ್ಬಳನ್ನು ಪರಸ್ಪರ ಒಪ್ಪಿಗೆಯಿಂದ, ಎಲ್ಲವನ್ನೂ ಮೊದಲೇ ಮಾತಾಡಿಕೊಂಡು ಮದುವೆಯಾಗುವುದು ಇದರ ಸ್ವರೂಪ. ಮದುವೆಯ ಖರ್ಚು ಯಾರದು, ವಧುವಿಗೆ ಕೊಡುವ 'ತ್ಸಾಯ್‌ಲಿ' ಎಂಬ ತೆರದ ಹಣ ಗುಟ್ಟಾಗಿ ಹಿಂದಿರುಗಬೇಕೆ, ಹೊಸ ವರ್ಷಕ್ಕೆ ಯಾರ ಮನೆಗೆ, ಮಾವನಿಗೆ ಕಾಯಿಲೆಯಾದರೆ ಆಸ್ಪತ್ರೆಯಲ್ಲಿ ಯಾರು ಕೂರಬೇಕು, ಮಗು ಬೇಕೆ ಬೇಡವೆ ಎಂಬುದೆಲ್ಲ ಮೊದಲೇ ನಿಷ್ಕರ್ಷೆಯಾಗುತ್ತದೆ. ಸರ್ಕಾರದಲ್ಲಿ ನೋಂದಾಯಿಸಿದರೆ ಆಸ್ತಿ, ಸಾಲಗಳು ಒಂದಕ್ಕೊಂದು ತೊಡಕಿಕೊಳ್ಳುತ್ತವೆಂದು ಕೆಲವರು ಔತಣವನ್ನಷ್ಟೇ ಮಾಡಿ ನೋಂದಣಿ ಬಿಡುತ್ತಾರೆ. ನೋಂದಣಿಗೆ ಬೇಕಾಗಿದ್ದ 'ಹುಕೋವು' ಎಂಬ ಕುಟುಂಬ ದಾಖಲೆಯ ಪುಸ್ತಕ ಹೆಚ್ಚಾಗಿ ಹೆತ್ತವರ ವಶದಲ್ಲಿರುತ್ತಿತ್ತು. ಅದನ್ನು ತೋರಿಸಬೇಕೆಂಬ ನಿಯಮ ರದ್ದಾದದ್ದು 2025ರ ಮೇ ತಿಂಗಳಲ್ಲಿ.

ಔತಣವೇ ಯಾಕೆ ಇಷ್ಟು ಮುಖ್ಯ ಎಂಬುದನ್ನು ತಿಳಿಯಲು ಮುಯ್ಯಿಯ ಲೆಕ್ಕ ನೋಡಬೇಕು. ಚೀನೀ ಮದುವೆಗೆ ಬಂದವರು ಕೆಂಪು ಲಕೋಟೆಯಲ್ಲಿ ಹಣವಿಟ್ಟು ಕೊಡುತ್ತಾರೆ, ಬಾಗಿಲ ಬಳಿ ಕುಳಿತವರು ಕೊಟ್ಟವರ ಹೆಸರು ಮತ್ತು ಮೊತ್ತವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ, ಅವರ ಮನೆಯ ಮದುವೆಯ ದಿನ ಅದು ಹಿಂದಿರುಗಬೇಕು. ಮೂವತ್ತು ವರ್ಷ ನೆಂಟರ, ಸಹೋದ್ಯೋಗಿಗಳ, ನೆರೆಯವರ ಮಕ್ಕಳ ಮದುವೆಗಳಿಗೆ ಮುಯ್ಯಿ ಮಾಡುತ್ತ ಬಂದ ದಂಪತಿಗೆ ತಮ್ಮ ಒಬ್ಬನೇ ಮಗನ ಮದುವೆ ನಡೆಯದಿದ್ದರೆ ಹೋಗುವುದು ದುಡ್ಡಿಗಿಂತ ಹೆಚ್ಚಿನದು: ಊರವರ ನಡುವೆ ತಲೆಯೆತ್ತಿ ನಡೆಯುವ ಮರ್ಯಾದೆ, ಚೀನೀಯರ ಮಾತಿನಲ್ಲಿ 'ಮಿಯೆನ್‌ಜ', ಅಂದರೆ ಮುಖ. ತೋರಿಕೆಯ ಮದುವೆಗೆ ಒಪ್ಪುವ ಮಕ್ಕಳಲ್ಲಿ ಅನೇಕರು ಒಪ್ಪುವುದು ಈ ಮರ್ಯಾದೆಗಾಗಿ, ಅಂದರೆ ಹೆತ್ತವರ ಮೇಲಿನ ನಿಜವಾದ ಅಕ್ಕರೆಯಿಂದಾಗಿ. ದುಃಖದ ಸಂಗತಿಯೆಂದರೆ ಔತಣದ ಮರುವರ್ಷವೇ ಮೊಮ್ಮಗುವಿನ ಪ್ರಶ್ನೆ ಎದ್ದು, ಒಂದು ಸುಳ್ಳನ್ನು ನಿಲ್ಲಿಸಲು ಮತ್ತೊಂದರ ಊರುಗೋಲು ಹುಡುಕಬೇಕಾಗುತ್ತದೆ.

ಶಿಂಗ್‌ಹುನ್‌ನಲ್ಲಿ ಕನಿಷ್ಠ ಇಬ್ಬರಿಗೂ ಸತ್ಯ ಗೊತ್ತಿರುತ್ತದೆ. ಹೆಚ್ಚು ವ್ಯಾಪಕವಾಗಿರುವುದು ಆ ಅರಿವಿಲ್ಲದ ಮದುವೆ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ 2016ರಲ್ಲಿ ಪ್ರಕಟಿಸಿದ, 28,000ಕ್ಕೂ ಹೆಚ್ಚು ಜನ ಉತ್ತರಿಸಿದ ಸಮೀಕ್ಷೆಯ ಪ್ರಕಾರ, ಚೀನಾದ ಲೈಂಗಿಕ ಅಲ್ಪಸಂಖ್ಯಾತರಲ್ಲಿ ಮನೆಯವರಿಗೆ ಹೇಳಿಕೊಂಡವರು ಶೇ 15ರಷ್ಟು ಮಾತ್ರ, ಶಾಲೆಯಲ್ಲೋ ಕೆಲಸದ ಜಾಗದಲ್ಲೋ ಹೇಳಿಕೊಂಡವರು ಶೇ 5ರಷ್ಟು; ಅವರಲ್ಲಿ ಮದುವೆಯಾದವರ ಪೈಕಿ ಶೇ 84ರಷ್ಟು ಜನರ ಬಾಳಸಂಗಾತಿ ಭಿನ್ನಲಿಂಗಿ, ಶೇ 13ರಷ್ಟು ಜನರದು ತೋರಿಕೆಯ ಮದುವೆ. ಸಲಿಂಗಿ ಗಂಡಸನ್ನು ಅರಿಯದೆ ಮದುವೆಯಾದ ಹೆಣ್ಣಿಗೆ ಚೀನೀ ಭಾಷೆಯಲ್ಲಿ 'ತೊಂಗ್‌ಚಿ' ಎಂಬ ಹೆಸರೇ ಹುಟ್ಟಿಕೊಂಡಿದೆ. ಗಂಡನ ನಿರಾಸಕ್ತಿಗೆ ತನ್ನ ರೂಪವೇ ಕಾರಣವೆಂದು ಕೊರಗುವ, ಕೊನೆಗೆ ವಿಷಯ ತಿಳಿದು ವಿಚ್ಛೇದನಕ್ಕೆ ಹೋದರೂ ಮಗು ಗಂಡನ ಮನೆಯ ವಂಶದ್ದೆಂದು ಕಳೆದುಕೊಳ್ಳುವ ಭಯದಲ್ಲಿ ಬದುಕುವ ಈ ಹೆಂಗಸರ ಅನುಭವವನ್ನು ಬದಿಗಿಟ್ಟು ಗುಟ್ಟಿನ ಬಗ್ಗೆ ಸಹಾನುಭೂತಿಯ ಮಾತಾಡುವುದು ನ್ಯಾಯವಲ್ಲ. ಮಗ ಒತ್ತಡದ ಬಲಿಪಶು ಎಂಬುದು ನಿಜವಿರಬಹುದು. ಆದರೆ ಒತ್ತಡವನ್ನು ತನಗಿಂತ ದುರ್ಬಲಳಾದವಳ ಮೇಲೆ ದಾಟಿಸಿದ ತಪ್ಪಿನಿಂದ ಅವನೂ ಅವನನ್ನು ಹೆತ್ತವರೂ ಪಾರಾಗಲಾರರು.

ಮೌನದ ಪರವಾಗಿ ವಿದ್ವತ್ಪೂರ್ಣವಾದ ವಾದವೊಂದಿದೆ. ಹಾಂಗ್‌ಕಾಂಗ್‌ನ ಸಮಾಜಶಾಸ್ತ್ರಜ್ಞ ಚೌ ವಾ-ಷಾನ್ 1990ರ ದಶಕದ ತಮ್ಮ ಬರಹಗಳಲ್ಲಿ, ತಾನು ಸಲಿಂಗಿಯೆಂದು ಘೋಷಿಸಿ ಎದುರು ನಿಲ್ಲುವುದು ಪಾಶ್ಚಾತ್ಯ ವ್ಯಕ್ತಿವಾದದ ರೀತಿಯೆಂದೂ, ಚೀನೀಯರಿಗೆ ಒಗ್ಗುವುದು ಸಂಗಾತಿಯನ್ನು ಊಟಕ್ಕೆ, ಹಬ್ಬಕ್ಕೆ ಕರೆತಂದು ನಿಧಾನವಾಗಿ ಮನೆಯ ಮಗನಂತೆ, ಮಗಳಂತೆ ಬೆರೆಸುವ 'ಮನೆಗೆ ಮರಳುವ' ರೀತಿಯೆಂದೂ ಹೇಳಿದರು. ಇದಕ್ಕೆ ತೈವಾನಿನ ವಿದುಷಿಯರಾದ ಲಿಯು ರೆನ್-ಪೆಂಗ್ ಮತ್ತು ದಿಂಗ್ ನೈಫೇ 1998ರಲ್ಲಿ ಗಟ್ಟಿಯಾದ ಉತ್ತರ ಕೊಟ್ಟರು. ಮಾತನಾಡದ ಸೌಜನ್ಯವೇ ಒಂದು ಬಲಪ್ರಯೋಗ, ಯಾರನ್ನೂ ಬೈಯದೆ ಹೊಡೆಯದೆ ಅದು ಎಲ್ಲರನ್ನೂ ಅವರವರ ಜಾಗದಲ್ಲಿ ನಿಲ್ಲಿಸುತ್ತದೆ, ನೆರಳಿನಲ್ಲಿರಬೇಕಾದವರು ನೆರಳಿನಲ್ಲಿಯೇ ಉಳಿಯುತ್ತಾರೆ ಎಂಬುದು ಅವರ ವಾದದ ತಿರುಳು. ಚೌ ಅವರ ಮಾತಿನಲ್ಲಿ ಅನುಭವದ ಸತ್ಯವಿದೆಯಾದರೂ, ತೂಕ ಇನ್ನೊಂದು ಕಡೆಗೇ ಹೆಚ್ಚೆಂದು ಒಪ್ಪಬೇಕಾಗುತ್ತದೆ.

ಆಂಗ್ ಲೀ ನಿರ್ದೇಶಿಸಿ, 1993ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಮತ್ತೊಂದು ಚಿತ್ರದೊಂದಿಗೆ ಹಂಚಿಕೊಂಡ 'ದಿ ವೆಡ್ಡಿಂಗ್ ಬ್ಯಾಂಕ್ವೆಟ್' ಈ ಮೌನದ ರಚನೆಯನ್ನು ಬಿಚ್ಚಿ ತೋರಿಸುತ್ತದೆ. ನ್ಯೂಯಾರ್ಕ್‌ನಲ್ಲಿ ಸೈಮನ್ ಎಂಬ ಗೆಳೆಯನೊಡನೆ ಬಾಳುತ್ತಿರುವ ವೈ-ತುಂಗ್, ತೈವಾನಿನಿಂದ ಬಂದಿಳಿದ ಹೆತ್ತವರಿಗಾಗಿ ತನ್ನ ಬಾಡಿಗೆದಾರಳಾದ ಶಾಂಘೈ ಮೂಲದ ಕಲಾವಿದೆಯನ್ನು ತೋರಿಕೆಗೆ ಮದುವೆಯಾಗುತ್ತಾನೆ. ತಂದೆಗೆ ಪಾರ್ಶ್ವವಾಯು ಬಡಿದಾಗ ಮಗ ತಾಯಿಗೆ ನಿಜ ಹೇಳುತ್ತಾನೆ, ಆಕೆ ಅದು ತಂದೆಗೆ ತಿಳಿಯಬಾರದೆನ್ನುತ್ತಾಳೆ. ಆದರೆ ತಂದೆಗೆ ಮೊದಲೇ ತಿಳಿದಿರುತ್ತದೆ: ಆತ ಸೈಮನ್‌ಗೆ ಸೊಸೆಗೆ ಕೊಡುವಂತೆ ಕೆಂಪು ಲಕೋಟೆ ಕೊಟ್ಟು, ತನಗೆ ತಿಳಿದಿರುವುದನ್ನು ಹೆಂಡತಿಗೂ ಮಗನಿಗೂ ಹೇಳಬೇಡವೆಂದು ಕೇಳಿಕೊಳ್ಳುತ್ತಾನೆ, ಸುಳ್ಳಿಗೆ ಅವಕಾಶ ಕೊಡದಿದ್ದರೆ ಮೊಮ್ಮಗು ಸಿಗುತ್ತಿರಲಿಲ್ಲ ಎಂಬುದು ಆತನ ಸಮಜಾಯಿಷಿ. ಪ್ರತಿಯೊಬ್ಬರೂ ಇನ್ನೊಬ್ಬರನ್ನು ಉಳಿಸಲೆಂದು ಬಾಯಿ ಮುಚ್ಚಿಕೊಂಡಿರುವ ಈ ಮನೆಯಲ್ಲಿ ಪ್ರೀತಿಗೇನೂ ಕೊರತೆಯಿಲ್ಲ. ಗರ್ಭ ಹೊತ್ತ ಆ ಕಲಾವಿದೆ ಮಾತ್ರ ಯಾರೂ ಮೊದಲು ಕೇಳಿರದ ಬೆಲೆಯನ್ನು ತೆರುತ್ತಾಳೆ.

ತೈವಾನಿನ ಹುವಾಂಗ್ ಹುಯಿ-ಚೆನ್ ತಮ್ಮ ತಾಯಿಯ ಬಗ್ಗೆಯೇ ಮಾಡಿದ 'ಸ್ಮಾಲ್ ಟಾಕ್' ಎಂಬ ಸಾಕ್ಷ್ಯಚಿತ್ರ ಇದರ ಮಗ್ಗುಲನ್ನು ಬದಲಿಸುತ್ತದೆ. ಶವಸಂಸ್ಕಾರದ ವೇಳೆ ಸತ್ತವರ ಆತ್ಮಕ್ಕೆ ದಾರಿ ತೋರುವ ಶಾಸ್ತ್ರ ನಡೆಸಿ ಜೀವನ ಸಾಗಿಸುವ ಆ ತಾಯಿ ಚಿಕ್ಕವಯಸ್ಸಿನಲ್ಲೇ ಮದುವೆಯಾಗಿ, ಹೊಡೆಯುವ ಗಂಡನಿಂದ ಮಕ್ಕಳನ್ನು ಕರೆದುಕೊಂಡು ಓಡಿಬಂದವಳು. ಆಮೇಲಿನ ಅವಳ ಬಾಳಿನಲ್ಲಿ ಗೆಳತಿಯರಿದ್ದುದು ಕಣ್ಣಿಗೆ ಕಾಣುವ ಸಂಗತಿ. ಆದರೂ ಮಗಳು ಕ್ಯಾಮೆರಾ ಹಿಡಿದು ಕೇಳಿದಾಗ ತಾಯಿಯ ಒಡಹುಟ್ಟಿದವರು ತಮಗೇನೂ ಗೊತ್ತಿಲ್ಲವೆನ್ನುತ್ತಾರೆ. ಇಲ್ಲಿ ಹಿರಿಯಳೇ ಗುಟ್ಟಿನ ಒಳಗಿದ್ದಾಳೆ, ಮಗಳು ಹೊರಗೆ ನಿಂತು ಬಾಗಿಲು ತಟ್ಟುತ್ತಾಳೆ. ಮಾತಿಲ್ಲದ ಮನೆಯಲ್ಲಿ ಬೆಳೆದ ಮಗುವಿಗೆ ತಾಯಿ ತನ್ನನ್ನು ಪ್ರೀತಿಸುತ್ತಾಳೋ ಇಲ್ಲವೋ ಎಂಬುದೇ ತಿಳಿಯದೆ ಹೋಗುತ್ತದೆ ಎಂಬುದನ್ನು ಈ ಚಿತ್ರದಷ್ಟು ನೇರವಾಗಿ ಕಾಣಿಸಿದ ಕೃತಿಗಳು ವಿರಳ.

ಮಕ್ಕಳು ಸತ್ಯ ಹೇಳಿದ ಕ್ಷಣದಿಂದ ಹೆತ್ತವರು ಗುಟ್ಟಿನ ಹೊಸ ಕಾವಲುಗಾರರಾಗುತ್ತಾರೆ, ನೆಂಟರ ಪ್ರಶ್ನೆಗಳಿಗೆ ಈಗ ಉತ್ತರ ಹೊಂದಿಸಬೇಕಾದವರು ಅವರು. ಗುವಾಂಗ್‌ಜೌ ನಗರದ ವು ಯೋಜಿಯಾನ್ ಎಂಬ ತಾಯಿ ಸಲಿಂಗಿಯಾದ ತಮ್ಮ ಮಗನ ಪರವಾಗಿ ಬಹಿರಂಗವಾಗಿ ಮಾತಾಡಿ, 2008ರಲ್ಲಿ ಇಂಥ ಮಕ್ಕಳ ತಾಯಿತಂದೆಯರ ಸಂಘಟನೆಯನ್ನು ಹುಟ್ಟುಹಾಕಲು ನೆರವಾದದ್ದು ಈ ದೃಷ್ಟಿಯಿಂದ ಬಹಳ ಮಹತ್ವದ ಹೆಜ್ಜೆ. ಮಗ ಹೇಳಿದರೆ ಎದುರುತ್ತರವೆನಿಸುವ ಮಾತು, ಹೆತ್ತವರದೇ ವಯಸ್ಸಿನ ಇನ್ನೊಬ್ಬ ತಾಯಿ ಹೇಳಿದಾಗ ಕೇಳಿಸಿಕೊಳ್ಳಬಹುದಾದ ಮಾತಾಗುತ್ತದೆ. ಶಾಂಘೈನ ಸಲಿಂಗಿ ಹೆಂಗಸರ ಕುರಿತು ಲೂಸೆಟ್ಟಾ ಕಾಮ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸುವಂತೆ, ಒಪ್ಪಿಗೆ ಪಡೆಯಲು ಹೊರಟ ಹೆಣ್ಣುಮಕ್ಕಳು ಎಲ್ಲದರಲ್ಲಿಯೂ ಮಾದರಿಯಾಗಿ, ಚೆನ್ನಾಗಿ ಗಳಿಸಿ, ಹೆತ್ತವರನ್ನು ಇತರರಿಗಿಂತ ಹೆಚ್ಚಾಗಿ ನೋಡಿಕೊಂಡು ಮದುವೆಯ ಕೊರತೆಯನ್ನು ತುಂಬಿಕೊಡಬೇಕಾದ ಒತ್ತಡಕ್ಕೂ ಸಿಲುಕುತ್ತಾರೆ. ಮಧ್ಯಮವರ್ಗದ ನಗರವಾಸಿಗೆ ಇದು ಸಾಧ್ಯವಾಗಬಹುದು. ಕಾರ್ಖಾನೆಯ ಕೂಲಿಯಲ್ಲಿ ಬದುಕುವವಳಿಗೆ ಹೇಗೆ ಸಾಧ್ಯ?

ಮೌನದ ಕೊನೆಯ ಲೆಕ್ಕ ಬರುವುದು ಕಾಯಿಲೆ ಮತ್ತು ಸಾವಿನಲ್ಲಿ. ಹಾಂಗ್‌ಕಾಂಗ್‌ನ ರೇ ಯೆಂಗ್ ಅವರ 2024ರ 'ಆಲ್ ಶಲ್ ಬಿ ವೆಲ್' ಚಿತ್ರದಲ್ಲಿ, ದಶಕಗಳ ಕಾಲ ಜೊತೆಗಿದ್ದ ಇಬ್ಬರು ಹೆಂಗಸರ ಮನೆಗೆ ಒಬ್ಬಳ ಅಣ್ಣನ ಸಂಸಾರವೆಲ್ಲ ಹಬ್ಬದೂಟಕ್ಕೆ ಬಂದು ನಗುನಗುತ್ತ ಹೋಗುತ್ತದೆ. ಆಕೆ ಉಯಿಲು ಬರೆಯದೆ ತೀರಿಕೊಂಡೊಡನೆ, ಮನೆ ಅಣ್ಣನ ಪಾಲಾಗುವುದಷ್ಟೇ ಅಲ್ಲ, ಬೂದಿಯನ್ನು ಎಲ್ಲಿಡಬೇಕೆಂದು ಹೇಳುವ ಹಕ್ಕೂ ಉಳಿದವಳಿಗೆ ಇಲ್ಲವಾಗುತ್ತದೆ. ಅವರಾರೂ ಕೆಟ್ಟವರಲ್ಲ, ಒಪ್ಪಿಕೊಂಡಿದ್ದರೂ ಎಂದೂ ಬಾಯಿಬಿಟ್ಟು ಹೇಳಿರದ ಕಾರಣ, ಆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು ಯಾರೂ ಏನನ್ನೂ ಮುರಿಯಬೇಕಾಗಿ ಬರಲಿಲ್ಲ. ಚೀನಾದಲ್ಲಿ 2017ರ ಅಕ್ಟೋಬರ್‌ನಿಂದ ಯಾವ ವಯಸ್ಕರಾದರೂ ತಮಗೆ ಬುದ್ಧಿ ಸ್ವಾಧೀನ ತಪ್ಪಿದರೆ ಪಾಲಕರಾಗಿರಬೇಕಾದವರನ್ನು ಮೊದಲೇ ಲಿಖಿತವಾಗಿ ನೇಮಿಸಿಕೊಳ್ಳಬಹುದಾಗಿದ್ದು, ಸಲಿಂಗ ಜೋಡಿಗಳು ನೋಟರಿಯ ಮುಂದೆ ಈ ಪತ್ರ ಮಾಡಿಸಿಕೊಳ್ಳುತ್ತಿದ್ದಾರೆ. ಇದು ಆಸ್ಪತ್ರೆಯ ಸಹಿಗೆ ಆದೀತು, ಆಸ್ತಿಗೆ ಬೇರೆ ಉಯಿಲು ಬೇಕು. ಅದಿಲ್ಲದಿದ್ದರೆ ಮದುವೆಯಾಗದವರ ಆಸ್ತಿ ಮೊದಲು ಹೋಗುವುದು ತಂದೆತಾಯಿಗೆ. ಹಾಂಗ್‌ಕಾಂಗ್‌ನ ಅತ್ಯುನ್ನತ ನ್ಯಾಯಾಲಯ ಸಲಿಂಗ ಜೋಡಿಗಳಿಗೆ ಕಾನೂನಿನ ಮಾನ್ಯತೆಯ ಬದಲಿ ವ್ಯವಸ್ಥೆಯೊಂದನ್ನು ರೂಪಿಸಬೇಕೆಂದು 2023ರ ಸೆಪ್ಟೆಂಬರ್‌ನಲ್ಲಿ ಹೇಳಿದರೂ, ಸರ್ಕಾರ ತಂದ ಸೀಮಿತ ಮಸೂದೆಯನ್ನು ಶಾಸನಸಭೆ 2025ರ ಸೆಪ್ಟೆಂಬರ್‌ನಲ್ಲಿ ತಳ್ಳಿಹಾಕಿತು. ಚೀನೀಯರೇ ಬಹುಸಂಖ್ಯಾತರಾಗಿರುವ ಸಿಂಗಪುರ, ಭಾರತದ ದಂಡಸಂಹಿತೆಯಲ್ಲಿದ್ದ 377ನೇ ಕಲಮಿನ ಸೋದರನೆನ್ನಬಹುದಾದ 377ಎ ಕಲಮನ್ನು 2022ರಲ್ಲಿ ತೆಗೆದುಹಾಕಿತು. ಆದರೆ ಮದುವೆಯ ವ್ಯಾಖ್ಯೆ ಹಾಗೆಯೇ ಉಳಿಯುವಂತೆ ಅದೇ ವೇಳೆಗೆ ಸಂವಿಧಾನಕ್ಕೆ ತಿದ್ದುಪಡಿ ಮಾಡಿತು.

ತೈವಾನ್ ಮಾತ್ರ 2019ರ ಮೇ 24ರಿಂದ ಸಲಿಂಗ ಮದುವೆಯನ್ನು ನೋಂದಾಯಿಸುತ್ತಿದೆ. ಅದಕ್ಕೆ ಇಬ್ಬರು ಸಾಕ್ಷಿಗಳ ಸಹಿ ಸಾಕು, ವಯಸ್ಕರಿಗೆ ಹೆತ್ತವರ ಒಪ್ಪಿಗೆ ಬೇಕಿಲ್ಲ. ನೋಂದಣಿಯಾದ ಮೇಲೆ ಸಂಗಾತಿಯ ಹೆಸರು ಗುರುತಿನ ಚೀಟಿಯ ಹಿಂಬದಿಯಲ್ಲಿ, ತಂದೆತಾಯಿಯರ ಹೆಸರಿನ ಜೊತೆಗೆ ಅಚ್ಚಾಗುತ್ತದೆ, ಮನೆಯ ದಾಖಲೆಯಲ್ಲಿಯೂ ಸೇರುತ್ತದೆ. ಊರಿನಲ್ಲಿ ಇನ್ನೂ ಏನನ್ನೂ ಹೇಳಿರದವರು ನೋಂದಣಿ ಕಚೇರಿಗೆ ಹೋಗುವ ಮುನ್ನ ಇದನ್ನೂ ಯೋಚಿಸಬೇಕಾಗಿದೆ.